ಉಳ್ಳಾಗಡ್ಡಿ ಹೇಳಲಿ

ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮಪ್ಪ ಪರಪ್ಪನ ಬೆನ್ನಿನಿಂದ ಸ್ಪ್ರೇ ಪಂಪು ಇಳಿಯುವುದಿಲ್ಲ. ಕೀಟನಾಶಕಕ್ಕೆ ನಮ್ಮ ಮೋರಟಗಿಯಲ್ಲಿ ‘ಎಣ್ಣಿ’ ಎನ್ನುತ್ತಾರೆ, ಒಗ್ಗರಣೆಗೆ ಹಾಕುವ ವಸ್ತು ಅನ್ನುವ ಹಾಗೆ. ಎಣ್ಣಿ ಹೊಡೆದು ಬಂದ ಅಪ್ಪ ಆ ಪಂಪನ್ನು ತೊಳೆಯುತ್ತಿದ್ದುದು ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ. ಆ ಎಮ್ಮೆಯ ಹಾಲಿನಲ್ಲೇ ನಮ್ಮೆಲ್ಲರ ಚಹಾ.

ನಾನು ಸಿಂದಗಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುವವಳು. ವಿಷಶಾಸ್ತ್ರ ಅಂತ ನಮಗೊಂದು ಪೇಪರೇ ಇದೆ. ತೊಟ್ಟಿಯಲ್ಲಿ ತೊಳೆಯಬೇಡ ಎಂದು ಎಷ್ಟು ಗಂಟಲು ಹರಿದುಕೊಂಡರೂ ಅಪ್ಪನದು ಒಂದೇ ಮಾತು: “ಇಷ್ಟ್ ವರ್ಷ ಆತು, ಒಂದರ ಎಮ್ಮಿ ಸತ್ತೈತೇನು?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಲೇಜಿನ ವೃಂದಾ ಮೇಡಂ ಪ್ರಾಜೆಕ್ಟಿಗೆಂದು ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಪ್ರಯೋಗ ಕೊಟ್ಟಾಗ ಇದೇ ಸರಿ ಅನ್ನಿಸಿತು. ಉಳ್ಳಾಗಡ್ಡಿಯ ಬುಡ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿದರೆ ಬೇರು ಬಿಡುತ್ತದೆ. ನೀರಿನಲ್ಲಿ ವಿಷವಿದ್ದರೆ ಬಿಡುವುದಿಲ್ಲ, ಬಿಟ್ಟರೂ ಮೊಂಡು. ಇದನ್ನೇ ಅಪ್ಪನಿಗೆ ಹೇಳಿದೆ.

“ನೀ ಹೇಳಿದ್ರ ನಾ ಕೇಳೂದಿಲ್ಲ. ಉಳ್ಳಾಗಡ್ಡಿ ಹೇಳಲಿ, ಕೇಳ್ತೇನಿ. ಎಲ್ಲಾಕ್ಕೂ ಬೇರ ಬಂದ್ರ ಮತ್ತ ನೀ ಬಾಯಿ ತಗೀಬಾರದು!” ಎಂದು ಅಪ್ಪ ನಕ್ಕ. ಪಕ್ಕದ ಹೊಲದ ಇಬ್ರಾಹಿಂಸಾಬ ಕಾಕಾನನ್ನು ಸಾಕ್ಷಿಗೂ ಗೊತ್ತು ಮಾಡಿದ. ಐದನೇ ದಿನ ತೀರ್ಮಾನ.

ಆರು ಲೋಟ ಇಟ್ಟೆ. ಮೂರಕ್ಕೆ ಕುಡಿಯುವ ನೀರು, ಮೂರಕ್ಕೆ ತೊಟ್ಟಿಯ ನೀರು. ಮೂರನೇ ದಿನ ನೋಡಿದರೆ ಕುಡಿಯುವ ನೀರಿನವು ಬಿಳಿ ಬೇರು ಬಿಟ್ಟಿದ್ದವು, ತೊಟ್ಟಿಯವು ಬೋಳು. ಕುಣಿಯುವುದೊಂದು ಬಾಕಿ. ಅದೇ ಖುಷಿಯಲ್ಲಿ ಪರೀಕ್ಷೆಗೆಂದು ಸಿಂದಗಿಗೆ ಹೋಗಿ ಎರಡು ದಿನ ಗೆಳತಿಯ ಮನೆಯಲ್ಲಿ ಉಳಿದೆ.

ಐದನೇ ದಿನ ಬಂದು ನೋಡುತ್ತೇನೆ, ಆರಕ್ಕೆ ಆರೂ ಬೇರು ಬಿಟ್ಟುಕೊಂಡು ಕೂತಿವೆ!

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೇಳಿದೇನ ಇಬ್ರಾಹಿಮಾ? ಉಳ್ಳಾಗಡ್ಡಿ ನನ್ನ ಕಡೀಗೇ ಹೇಳ್ತು!”

ಇನ್ನು ಎಮ್ಮೆಯ ಗತಿ ಇಷ್ಟೇ, ನಾನಂತೂ ಬಾಯಿ ತೆಗೆಯುವಂತಿಲ್ಲ. ಕಣ್ಣಲ್ಲಿ ನೀರು ಬಂತು. ನನ್ನ ಆಯಿ, ಅಪ್ಪನ ತಾಯಿ ಚನ್ನವ್ವ, ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು.

“ಯಾಕ ಅಳ್ತಿ ನನ್ನವ್ವ? ಬೇರ ಬಂದಾವಲ್ಲ! ಆ ಮೂರು ಬೋಳ ಕುಂತಿದ್ದು. ಹುಡುಗಿ ನಪಾಸ ಆಗ್ತಾಳ ಅಂತ ನಾನs ಆ ನೀರ ಚೆಲ್ಲಿ, ಕೊಡದಾಗಿನ ನೀರ ಹಾಕಿದ್ನಿ.”

“ಆಯೀ! ನನ್ನ ಪ್ರಯೋಗ ಕುಲಗೆಡಿಸಿದೆಲ್ಲ!” ಎಂದು ಕಿರುಚಿದೆ. ಪಾಪ, ಆಯಿಯ ಮುಖ ಸಣ್ಣದಾಯಿತು.

ಇಬ್ರಾಹಿಂಸಾಬ ಕಾಕಾ ಮಾತ್ರ ಒಂದು ಲೋಟ ಎತ್ತಿ ಹಿಡಿದು ನಿಧಾನಕ್ಕೆ ಕೇಳಿದರು. “ಚನ್ನವ್ವಾರ, ಉಳ್ಳಾಗಡ್ಡಿ ಅವss ಏನ್ರಿ? ನೀರಷ್ಟs ಬದಲಿ ಮಾಡೀರಿ?”

“ಅವss ಅದಾವು. ತೊಟ್ಟಿ ನೀರಾಗ ಮೂರ ದಿನ ಸತ್ತಂಗ ಕುಂತಿದ್ದು. ನೀರ ಬದಲಿ ಮಾಡಿದ್ದs ಜೀವ ಬಂತು.”

ಅಪ್ಪನ ನಗೆ ನಿಂತಿತು. ನನ್ನ ಪ್ರಯೋಗ ನಾನು ಬಯಸಿದಂತೆಯೇ ಮುಗಿದಿದ್ದರೆ ಉಳ್ಳಾಗಡ್ಡಿಯೇ ಹುಳುಕು ಎಂದು ಅವನು ಜಾರಿಕೊಳ್ಳುತ್ತಿದ್ದ. ಅವೇ ಗಡ್ಡೆಗಳಿಗೆ ಬೇರು ಬರಿಸಿ ಆಯಿ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದಳು. ಮೇಲಾಗಿ, ಹೆತ್ತ ತಾಯಿ ಸುಳ್ಳು ಹೇಳುತ್ತಾಳೆ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ನಾನು ಆಯಿಯನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಏನಾಯಿತೆಂದು ತಿಳಿಯದೆ ಅವಳೂ ನಕ್ಕಳು.

ಅಪ್ಪ ಎದ್ದು ಹೋದ. ಬಕೆಟ್ಟಿನಿಂದ ತೊಟ್ಟಿಯ ನೀರನ್ನೆಲ್ಲ ಎತ್ತಿ ಬಾವಿಯಿಂದ ದೂರದ ತೆಗ್ಗಿಗೆ ಚೆಲ್ಲಿದ. ಒಳಗಿಳಿದು ತಿಕ್ಕಿ ತಿಕ್ಕಿ ತೊಳೆದ, ಹೊಸ ನೀರು ತುಂಬಿಸಿದ. ಆಮೇಲೆ ಪಂಪನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನೆದುರು ನಿಂತ.

“ಹಂಗಾರ ಇದನ್ನ ಎಲ್ಲಿ ತೊಳೀಲಿ, ವಿಜಯಶ್ರೀ?”

ನಾನು ಕಾಲೇಜು ಸೇರಿದ ಮೇಲೆ ಅಪ್ಪ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೊಲದಲ್ಲೇ ತೊಳೆದು, ಆ ನೀರನ್ನು ತೊಗರಿಗೇ ಹೊಡೆದುಬಿಡಬೇಕು ಎಂಬ ಉತ್ತರ ನನಗೆ ಬಾಯಿಪಾಠವಿತ್ತು. ಆದರೂ ಹೇಳುವ ಮೊದಲು, ಖುಷಿಗೆ ಆಯಿಯನ್ನು ಇನ್ನೊಮ್ಮೆ ತಬ್ಬಿಕೊಂಡೆ. ಅಪ್ಪ ಕಾಯುತ್ತ ನಿಂತೇ ಇದ್ದ.