ಚಾಲು ಅಂದರೆ

ನಮ್ಮವ್ವನಿಗೆ ತೆಲುಗು ಬರುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಎಡವಟ್ಟಾದದ್ದೇ ಅದು ಅಷ್ಟು ಚೆನ್ನಾಗಿ ಬರುತ್ತಿದ್ದುದರಿಂದ.

ಅಪ್ಪನ ಬ್ಯಾಂಕು ನಮ್ಮನ್ನು ಗದಗಿನಿಂದ ಎತ್ತಿ ವಿಜಯವಾಡದ ಒನ್ ಟೌನಿಗೆ ಹಾಕಿದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಕೆಳಗೆ ಬಟ್ಟೆಯ ಸಗಟು ಅಂಗಡಿ, ಮೇಲೆ ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಾಲೀಕರಾದ ದುರ್ಗಾಂಬ. ಹೋದ ದಿನವೇ ಊಟಕ್ಕೆ ಕರೆದರು. ನಾವು ಕ್ರೈಸ್ತರು, ಉಣ್ಣುವ ಮೊದಲು ಅವ್ವ ಪ್ರಾರ್ಥನೆ ಮಾಡಲೇಬೇಕು. ದುರ್ಗಾಂಬ ಅಪ್ಪನ ಎಲೆಗೆ ಒಂದು ಹಿಡಿ ಅನ್ನ ಹಾಕಿ, "ಚಾಲಾ?" ಎಂದು ಕೇಳಿದರು. ಅಪ್ಪ ಅವ್ವನ ಕಡೆ ತಿರುಗಿ, "ಹೂಂ, ಚಾಲೂ ಮಾಡ" ಎಂದ. ದುರ್ಗಾಂಬ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಪ್ರಾರ್ಥನೆ ಮುಗಿದು ಕಣ್ಣು ಬಿಟ್ಟ ಅಪ್ಪನ ಮುಖ ನೋಡಬೇಕಿತ್ತು.

ತೆಲುಗಿನಲ್ಲಿ ಚಾಲು ಅಂದರೆ ಸಾಕು. ನಮ್ಮ ಗದಗಿನ ಕಡೆ ಚಾಲೂ ಅಂದರೆ ಶುರು. ಇದು ತಿಳಿದ ಮೇಲೆ ದುರ್ಗಾಂಬ ನಕ್ಕಿದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು. ಆಮೇಲೆ ಆ ಮಾತನ್ನು ಅವರು ಬಿಡಲೇ ಇಲ್ಲ. ನಮ್ಮ ಮನೆಯಲ್ಲಿ ತಟ್ಟೆಯ ಸದ್ದಾದರೆ ಸಾಕು, ಬಾಗಿಲಲ್ಲಿ ನಿಂತು ಅವ್ವನಿಗೆ "ಕರುಣಮ್ಮಾ, ಚಾಲೂ!" ಎನ್ನುತ್ತಿದ್ದರು. ಅವ್ವ ಕಣ್ಣು ಮುಚ್ಚಿದರೆ ತಾವೂ ಸೆರಗನ್ನು ತಲೆಗೆ ಎಳೆದುಕೊಂಡು ಆಮೆನ್ ಎನ್ನುವವರೆಗೆ ನಿಂತಿರುತ್ತಿದ್ದರು. ಅನ್ನಕ್ಕೂ ದೇವರನ್ನು ಕರೆಯುವ ಜನ ನೀವು ಎಂದು ಚುಡಾಯಿಸುತ್ತಿದ್ದರು.

ಅವ್ವ ಅವರೊಂದಿಗೆ ಹಂಚಿಕೊಳ್ಳದೆ ಇದ್ದದ್ದು ಕಡಿಮೆ. ಜೋಳದ ರೊಟ್ಟಿ, ಕೆಂಪು ಚಟ್ನಿ, ನನ್ನ ತಮ್ಮ ಹುಟ್ಟಿ ತೀರಿಕೊಂಡ ದುಃಖ, ಎಲ್ಲವೂ ಆ ಬಾಗಿಲು ದಾಟಿ ಹೋಗಿದ್ದವು. ಆ ದುಃಖದಿಂದ ತನ್ನನ್ನು ಎತ್ತಿದವನು ಯೇಸು ಎಂಬುದೊಂದನ್ನು ಮಾತ್ರ ಹೇಳಿರಲಿಲ್ಲ. ಅಪ್ಪ ಬೇಡವೆಂದಿದ್ದ.

"ನಾವು ಹೊರಗಿಂದ ಬಂದ ಮಂದಿ. ಮತಾಂತರ ಮಾಡಾಕ ನಿಂತಾರ ಅಂತ ಯಾರರ ಬ್ಯಾಂಕಿಗೆ ಮೂಗರ್ಜಿ ಬರದ್ರ ಏನ್ ಮಾಡ್ತಿ?"

ಅಪ್ಪ ಪುಕ್ಕಲ. ಆದರೆ ಪಾಪ, ಆ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ.

ಮುಂದೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆವು. ಓದು ಮುಗಿಸಿ ನಾನು ಪರವಾಡದ ಔಷಧ ಕಂಪನಿಯೊಂದಕ್ಕೆ ಸೇರಿದೆ. ಹೋದ ವರ್ಷ ದುರ್ಗಾಂಬ ಸೊಸೆ ಉಷಶ್ರೀಯ ಜೊತೆ ಚಿಕಿತ್ಸೆಗೆಂದು ಇಲ್ಲಿಗೇ ಬಂದರು. ಗಂಟಲಿನ ಕ್ಯಾನ್ಸರ್. ಮಾತು ಒಂದೊಂದೇ, ಅರೆಬರೆ ಹೊರಡುತ್ತಿತ್ತು. ಅವ್ವ ದಿನಾ ಗಂಜಿ ಕಾಸಿ, ಅನಕಾಪಲ್ಲಿ ಬೆಲ್ಲ ಕರಗಿಸಿ, ಆಸ್ಪತ್ರೆಗೆ ಒಯ್ಯುತ್ತಿದ್ದಳು.

"ಆಕಿ ಹೆದರ್ಯಾಳವಾ," ಎಂದಳು ಒಂದು ದಿನ. "ಕಣ್ಣಾಗ ಕಾಣತೈತಿ. ನಾ ಹೆದರಿದಾಗ ನನ್ನ ಕೈ ಹಿಡದಾವನ ಹೆಸರು ಆಕಿಗೆ ಹೇಳದ ಹೆಂಗ ಇರ್ಲಿ? ಗಂಜಿ ಕೊಟ್ಟು ಅದನ್ನ ಮುಚ್ಚಿಟ್ಕೊಂಡ್ರ ಅದೆಂಥಾ ಅಕ್ಕರಿ?"

"ಹೇಳಬೇ, ಅದಕ್ಯಾಕ ಇಷ್ಟ ವಿಚಾರ?"

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಸುಮ್ನಾಗು. ಕೇಳಾಕ ಏನ್ ತ್ರಾಸು?"

ಮರುದಿನ ಕಂಪನಿ ಬಸ್ ಇಳಿದು ಮನೆಗೆ ಬಂದರೆ ಅವ್ವ ಗಂಜಿಯ ಡಬ್ಬಿ ತೊಳೆಯುತ್ತಿದ್ದಳು. ಅದು ಆಗಲೇ ಫಳಫಳ ಎನ್ನುತ್ತಿತ್ತು.

"ಕೇಳಿದೆ," ಎಂದಳು, ನನ್ನ ಕಡೆ ನೋಡದೆ. "ಯೇಸುವಿನ ಹೆಸರ್ಲೆ ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ಲೇನು ಅಂತ ಕೈ ಹಿಡ್ಕೊಂಡು ಕೇಳಿದೆ. ಸಾಕು ಅಂದ್ಲು. ಮತ್ತೊಮ್ಮೆ ಅಂದ್ಲು. ಕೈ ಬಿಟ್ಟೆ."

ಬೇಡವೆಂದವರನ್ನು ಪೀಡಿಸುವುದು ಪ್ರೀತಿಯಲ್ಲ ಎಂದು ನಾನೇ ಸಮಾಧಾನ ಹೇಳಿದೆ. ಅವ್ವ ಆಮೇಲೂ ತಪ್ಪದೆ ಗಂಜಿ ಒಯ್ದಳು. ಸೀರೆಯ ಮಾತು, ಸೆಕೆಯ ಮಾತು ಆಡಿ ಬಂದಳು. ದುರ್ಗಾಂಬ ಏನನ್ನೋ ಕಾಯುವವರ ಹಾಗೆ ಆಕೆಯ ಮುಖವನ್ನೇ ನೋಡುತ್ತಿದ್ದರಂತೆ. ವಿಜಯವಾಡಕ್ಕೆ ವಾಪಸು ಕರೆದೊಯ್ದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ನಾವು ಮೂವರೂ ಹೋದೆವು. ಉಷಶ್ರೀ ಊಟ ಮಾಡದೆ ಏಳಲು ಬಿಡಲಿಲ್ಲ. ಮೊದಲ ದಿನ ಕೂತಿದ್ದ ಜಾಗದಲ್ಲೇ ಎಲೆ ಹಾಕಿದಳು. ಎದುರಿನ ಗೋಡೆಯ ಮೇಲೆ ದುರ್ಗಾಂಬ ಗಂಧದ ಹಾರ ಹಾಕಿಕೊಂಡು ನಗುತ್ತಿದ್ದರು. ಅನ್ನ ಬಡಿಸುತ್ತಾ ಉಷಶ್ರೀ ಅವ್ವನನ್ನು ತೆಲುಗಿನಲ್ಲಿ ಕೇಳಿದಳು:

"ತಪ್ಪು ತಿಳಿಯಬೇಡಿ ಪಿನ್ನಿಗಾರೂ. ಊರಿಗೆ ಮರಳಿದ ಮೇಲೆ ಅತ್ತಯ್ಯ ಕೊನೆಯವರೆಗೂ ತಡೆತಡೆದು ಒಂದೇ ಮಾತು ಅನ್ನುತ್ತಿದ್ದರು. ಪ್ರಾರ್ಥನೆ ಮಾಡಲಾ ಅಂತ ಕರುಣಮ್ಮನೇ ಕೇಳಿದಳು, ಅವಳ ಭಾಷೆಯಲ್ಲೇ ಚಾಲೂ, ಚಾಲೂ ಅಂದೆ, ಕೈ ಬಿಟ್ಟುಬಿಟ್ಟಳು ಅಂತ. ಅನ್ನಕ್ಕೆ ಮಾಡುವವಳು ನನಗೇಕೆ ಮಾಡಲಿಲ್ಲ, ನಾನು ಬೇರೆ ದೇವರವಳು ಅಂತಲಾ ಅಂತ ಕೇಳುತ್ತಿದ್ದರು. ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ."

ಅವ್ವನ ಕೈ ಎಲೆಯ ಮೇಲೆ ಹಾಗೆಯೇ ನಿಂತಿತು. ಆ ಮಾತನ್ನು ಅವರಿಗೆ ಕಲಿಸಿದ್ದೇ ನಾವು.

"ನಾ ಹೆದರಿದ್ನೆವಾ," ಎಂದಳು ಅವ್ವ, ನನಗಷ್ಟೇ ಕೇಳುವ ಹಾಗೆ. "ಬ್ಯಾಡ ಅಂತಾಳ ಅಂತನ ಕುಂತಿದ್ದೆ. ಆಕಿ ನನ್ನ ಮಾತಿನಾಗ ಬಾ ಅಂದ್ಲು. ನಾ ಆಕಿ ಮಾತಿನಾಗ ಹೋಗು ಅಂತ ಕೇಳಿಸ್ಕೊಂಡೆ."

ಅಪ್ಪನ ಕಣ್ಣು ತುಂಬಿತ್ತು. ಎಂದಿನ ಅಭ್ಯಾಸಕ್ಕೆ ಅವ್ವನ ಕಡೆ ತಿರುಗಿ "ಚಾ..." ಎಂದವನು ಮಾತು ನುಂಗಿಕೊಂಡ. ಉಷಶ್ರೀ ಪಾತ್ರೆ ಹಿಡಿದು ನಿಂತೇ ಇದ್ದಳು. ಎಲೆಯಲ್ಲಿ ಅನ್ನ ಆರುತ್ತಿತ್ತು.

ಅವ್ವ ಕಣ್ಣು ಮುಚ್ಚಿದಳು. ದುರ್ಗಾಂಬನವರ ಹೆಸರು ಹಿಡಿದು, ಗಟ್ಟಿಯಾಗಿ, ತೆಲುಗಿನಲ್ಲಿ ಪ್ರಾರ್ಥನೆ ತೆಗೆದಳು. ಆಸ್ಪತ್ರೆಯಲ್ಲಿ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಪ್ರಾರ್ಥನೆ ಅದು. ತಂದೆಯೇ, ಇವರ ಹೆದರಿಕೆ ತೆಗೆ, ಇವರ ಕೈ ಹಿಡಿ, ಇವರನ್ನು ಗುಣಪಡಿಸು ಎನ್ನುವಷ್ಟರಲ್ಲಿ ನಿಂತುಬಿಟ್ಟಳು. ಅದನ್ನು ಇನ್ನು ಕೇಳುವ ಹಾಗಿರಲಿಲ್ಲ.