ಕನ್ನಡಕದವರಿಗೆ ಕಾಣದ ಅಂಚು

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಯಡಿಯೂರಿನ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಮಾರನೆಯ ಬೆಳಿಗ್ಗೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು, ಕಸದ ಗಾಡಿಯೂ ಹಾಡುತ್ತಾ ಬಂತು. ಸುರಭಿಗೆ ಅಳು ಮಾತ್ರ ಬಂದಿರಲಿಲ್ಲ. ಗಂಡ ಹೋದ ದಿನದಿಂದಲೂ ಅವಳ ಎದೆಯೊಳಗೆ ಯಾರೋ ಹತ್ತಿ ತುರುಕಿದಂತಿತ್ತು.

ಅತ್ತೆ ಸೀತಾಲಕ್ಷ್ಮಿ ಹಾರ ಹಾಕಿದ ಮಗನ ಫೋಟೋ ಮುಂದೆ ನಿಂತಿದ್ದರು.

"ಇದೇನೇ ಸುರಭಿ, ಪೊಲೀಸ್ನೋರು ಹಿಡ್ಕೊಂಡು ಬಂದಿರೋ ಸರಗಳ್ಳನ ಥರ ಕಾಣ್ತಾನಲ್ಲೇ ನಮ್ಮ ವಿಶ್ರುತ!"

"ಆಧಾರ್ ಕಾರ್ಡಿಂದ ದೊಡ್ಡದು ಮಾಡ್ಸಿದ್ದು ಅತ್ತೆ. ಬೇರೆ ಸಿಗಲಿಲ್ಲ."

ನಿಜವೇ. ಊರವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದವನದೇ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅವನ ಅರ್ಧ ಮುಖ, ಇಲ್ಲವೇ ಹೊರಚಾಚಿದ ನಾಲಿಗೆ. ಆಗ ಸುರಭಿಗೆ ನೆನಪಾಯಿತು. ಜ್ವರ ಬರುವ ಮೊದಲಿನ ಭಾನುವಾರ ಯಡಿಯೂರು ಕೆರೆಯ ಹತ್ತಿರ ಅವನದೊಂದು ಫೋಟೋ ಅವಳೇ ತೆಗೆದಿದ್ದಳು. ಜಯನಗರದ ಹಿರಿಯ ಸ್ನೇಹಿತ ಅನಂತಪದ್ಮನಾಭ ಅವರಿಂದ ಅವನು ಎರವಲು ತಂದಿದ್ದ ಹಳೆಯ ರೀಲಿನ ಕ್ಯಾಮರಾದಲ್ಲಿ. ಕ್ಯಾಮರಾ ಬೀರುವಿನಲ್ಲಿತ್ತು, ರೀಲು ಇನ್ನೂ ಮುಗಿದಿರಲಿಲ್ಲ. ಆ ಫೋಟೋದಲ್ಲಿ ಅವನು ಸರಿಯಾಗಿ ಬಿದ್ದಿದ್ದಾನೋ ಇಲ್ಲವೋ ಎಂಬುದೊಂದೇ ಆಗಿನಿಂದ ಅವಳ ತಲೆಯಲ್ಲಿ ಕೂತಿತು.

ಅಷ್ಟರಲ್ಲಿ ಅನಂತಪದ್ಮನಾಭ ಅವರದೇ ಫೋನು.

"ಕ್ಯಾಮರಾ ವಿಷ್ಯ ಅಮ್ಮಾ. ಅವಸರ ಏನಿಲ್ಲ."

ಮಧ್ಯಾಹ್ನ ಮತ್ತೆ ಮಾಡಿದರು. "ಅವಸರ ಇಲ್ಲ ಅಂತ ಬೆಳಿಗ್ಗೆ ಹೇಳಿದ್ನಲ್ಲ, ಅದನ್ನೇ ಇನ್ನೊಂದ್ಸಲ ಹೇಳೋಣ ಅಂತ."

ರೀಲನ್ನು ಮುಗಿಸದೆ ಹಾಗೇ ಸ್ಟುಡಿಯೋಗೆ ಕೊಟ್ಟುಬಿಡೋಣ ಎಂದರೆ ಸೀತಾಲಕ್ಷ್ಮಿ ಒಪ್ಪಲಿಲ್ಲ. "ಯಾಕೆ ದಂಡ ಮಾಡ್ತೀಯ? ಉಳಿದಿದ್ದರಲ್ಲಿ ನನ್ನನ್ನ ತೆಗಿ. ನಾಳೆ ನಾನು ಹೋದಾಗ ಗೋಡೆ ಮೇಲೆ ಆಧಾರ್ ಮೂತಿ ನೇತಾಕ್ಬೇಡಿ."

ಸರಿ, ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಮಹಡಿಯ ಮೇಲೆ ಬಂದು ನಿಂತರು. ಸುರಭಿ ಕ್ಯಾಮರಾಕ್ಕೆ ಕಣ್ಣಿಟ್ಟಳು. ನೋಡುವ ಕಿಂಡಿಯ ಸುತ್ತಲಿನ ಲೋಹದ ಬಳೆ ಕನ್ನಡಕಕ್ಕೆ ಟಕ್ಕೆಂದು ತಾಗಿತು. ಒಳಗೆ ಬಿಳಿ ಗೆರೆಯ ಚೌಕಟ್ಟೊಂದಿರುತ್ತದೆ, ಅದರೊಳಗೆ ಬಂದದ್ದಷ್ಟೇ ಫೋಟೋದಲ್ಲಿ ಬರುವುದು ಎಂದು ವಿಶ್ರುತ್ ಹೇಳಿಕೊಟ್ಟಿದ್ದ. ಅವಳಿಗೆ ಗೆರೆಯೂ ಕಾಣಲಿಲ್ಲ, ಚೌಕಟ್ಟೂ ಕಾಣಲಿಲ್ಲ. ಕನ್ನಡಕ ತೆಗೆದಳು. ಗೆರೆಗಳು ನಾಲ್ಕೂ ಕಂಡವು, ಅತ್ತೆ ಮಾತ್ರ ಕಲಸಿದ ರಂಗೋಲಿಯಾದರು. ಮತ್ತೆ ಕನ್ನಡಕ ಏರಿಸಿದರೆ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಅತ್ತೆ. ಆ ಹಳೆಯ ಕ್ಯಾಮರಾ ಮೊದಲು ಎಲ್ಲವನ್ನೂ ಎರಡಾಗಿ ತೋರಿಸುತ್ತದೆ; ಲೆನ್ಸಿನ ಬಳೆ ತಿರುಗಿಸುತ್ತಾ ಇಬ್ಬರನ್ನೂ ಒಂದಾಗಿಸಿದರೆ ಮಾತ್ರ ಚಿತ್ರ ಸ್ಪಷ್ಟವಾಗಿ ಬರುತ್ತದೆ.

"ಅಲ್ಲಾಡ್ಬೇಡಿ ಅತ್ತೆ, ಇನ್ನೂ ಇಬ್ಬರಿದೀರಿ."

"ನೀನು ನನ್ನೊಬ್ಬಳನ್ನ ಸಹಿಸ್ಕೊಂಡಿದ್ದೇ ಹೆಚ್ಚು. ಬೇಗ ಒಂದು ಮಾಡು. ಕಾಲು ಬರ್ತಿದ್ಯಾ?"

"ಕಾಣ್ತಿಲ್ಲ."

"ಹಿಂದಕ್ಕೆ ಹೋಗು ಮತ್ತೆ."

ಹೋದಳು. ಬೆನ್ನು ನೀರಿನ ಟ್ಯಾಂಕಿಗೆ ತಗುಲುವ ಹೊತ್ತಿಗೆ ಕಾಲು ಕಂಡಿತು; ಅತ್ತೆ ಬೆರಳುದ್ದವಾಗಿದ್ದರು. ಹಾಗೇ ರೀಲು ಮುಗಿಸಿದಳು.

ವಾರ ಕಳೆದು ಸ್ಟುಡಿಯೋದಿಂದ ಫೋಟೋಗಳು ಬಂದವು. ಬೆರಳುದ್ದದ ಅತ್ತೆಯ ಸುತ್ತ ಪಕ್ಕದ ಮನೆಯ ಡಿಶ್ ಆಂಟೆನಾ, ಒಣಗಿಹಾಕಿದ ಬನಿಯನ್ನು, ಚಡ್ಡಿ. ಕಣ್ಣಿಟ್ಟಾಗ ಅವಳಿಗೆ ಇವೊಂದೂ ಕಂಡಿರಲಿಲ್ಲ.

"ಇದನ್ನ ಗೋಡೆಗೆ ಹಾಕಿದ್ರೆ ಜನ ನನಗಲ್ಲ, ಆ ಚಡ್ಡಿಗೆ ಕೈ ಮುಗೀತಾರೆ," ಎಂದರು ಸೀತಾಲಕ್ಷ್ಮಿ.

ಕೆರೆಯ ಫೋಟೋ ಕಟ್ಟಿನ ತಳದಲ್ಲಿತ್ತು. ವಿಶ್ರುತ್ ನೆಟ್ಟಗೆ ನಿಂತು ಚೆನ್ನಾಗಿ ನಗುತ್ತಿದ್ದ. ಅಂದು ಅವಳಿಗೆ ಕಂಡಿದ್ದು ಅವನ ಮುಖ, ಭುಜ ಅಷ್ಟೇ. ಫೋಟೋದಲ್ಲಿ ಅವನ ಎಡಗೈಯೂ ಇತ್ತು. ಪಕ್ಕಕ್ಕೆ ಉದ್ದಕ್ಕೆ ಚಾಚಿದ ಆ ಕೈಯಲ್ಲಿ, ಕಚ್ಚಿದ ಬಜ್ಜಿ.

ವರ್ಷದ ಹಿಂದೆ ರಕ್ತದ ರಿಪೋರ್ಟು ನೋಡಿ ಡಾಕ್ಟರು ಕರಿದದ್ದು ಮುಟ್ಟಬೇಡಿ ಎಂದಿದ್ದರು. ಅಂದಿನಿಂದ ಸುರಭಿ ಅವನ ಬಾಯಿಗೆ ಕಾವಲು ಕೂತಿದ್ದಳು. ಹಬ್ಬಕ್ಕೂ ಒಂದು ಹಪ್ಪಳ ಕೊಟ್ಟವಳಲ್ಲ. ಕೊನೆಗೆ ಎಣ್ಣೆ ಅವನನ್ನು ಏನೂ ಮಾಡಲಿಲ್ಲ. ಒಂದು ಸೊಳ್ಳೆ ಕಚ್ಚಿತು, ಡೆಂಗಿ ಬಂತು, ಹೋದ.

ಸೀತಾಲಕ್ಷ್ಮಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬಾಳೆಕಾಯಿದೋ, ಮೆಣಸಿನಕಾಯಿದೋ?"

"ಹಸಿರು ಕಾಣ್ತಿದೆ. ಮೆಣಸಿನಕಾಯಿದೇ."

"ಅಂತೂ ತಿಂದ್ನಲ್ಲ." ಫೋಟೋವನ್ನು ಸೊಸೆಯ ಕೈಗಿಟ್ಟು, "ಗೋಡೆಗೆ ಹಾಕೋದ್ರಲ್ಲಿ ಕೈ ಕತ್ತರಿಸೋಕೆ ಹೇಳು. ಬಂದೋರು ಏನಂದ್ಕೋತಾರೆ?" ಎಂದರು.

ಕೈ ಇಲ್ಲದ್ದು ಗೋಡೆಗೇರಿತು. ಕೈ ಇದ್ದದ್ದನ್ನು ಸುರಭಿ ಕ್ಯಾಮರಾದ ಜೊತೆ ಚೀಲದಲ್ಲಿಟ್ಟುಕೊಂಡು ಜಯನಗರಕ್ಕೆ ಹೋದಳು.

ಅನಂತಪದ್ಮನಾಭ ಅವರದೂ ದಪ್ಪ ಕನ್ನಡಕ. ಫೋಟೋ ನೋಡಿ ಗಹಗಹಿಸಿ ನಕ್ಕವರು, ಎದುರಿಗಿರುವುದು ಯಾರೆಂದು ನೆನಪಾಗಿ ನಗುವನ್ನು ಕೆಮ್ಮಿಗೆ ತಿರುಗಿಸಿದರು.

"ನಗಿ ಅಂಕಲ್. ಇದು ನಂಗ್ಯಾಕೆ ಕಾಣಲಿಲ್ಲ?"

"ಕನ್ನಡಕ ಇದ್ರೆ ಕಣ್ಣು ಕಿಂಡಿಗೆ ಅಂಟಲ್ಲಮ್ಮ, ದೂರ ನಿಲ್ಲುತ್ತೆ. ನಡುವಿನದಷ್ಟೇ ಕಾಣೋದು, ಅಂಚು ಕಾಣಲ್ಲ. ರೀಲಿಗೆ ಎಲ್ಲ ಬೀಳುತ್ತೆ. ಕ್ಯಾಮರಾ ಕೊಡುವಾಗ ವಿಶ್ರುತಂಗೂ ಹೇಳಿದ್ದೆ."

"ಅಂದ್ರೆ ಅವರಿಗೆ ಗೊತ್ತಿತ್ತಾ?"

"ಗೊತ್ತಿದ್ದೇ ಮಾಡಿದ್ದು. ಅವತ್ತು ಸಾಯಂಕಾಲವೇ ಫೋನ್ ಮಾಡ್ದ. ಅಂಕಲ್, ಅವಳ ಕಣ್ಣೆದುರಿಗೇ ಬಜ್ಜಿ ಹಿಡ್ಕೊಂಡು ನಿಂತಿದ್ದೆ, ಕಾಣಲೇ ಇಲ್ಲ ಅಂತ ಕುಣಿದಾಡ್ದ. ಅಯ್ಯೋ ಪೆದ್ದ, ಪ್ರಿಂಟಲ್ಲಿ ಬರುತ್ತಲ್ಲೋ ಅಂದೆ."

"ಅದಕ್ಕೇನಂದ್ರು?"

ಅನಂತಪದ್ಮನಾಭ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. "ಆಗ ಬೈಸ್ಕೋತೀನಿ ಬಿಡಿ, ಅಂದ."

"ಕಳ್ಳ," ಎಂದಳು ಸುರಭಿ.

"ನಾನೇನ್ ಮಾಡ್ದೆನಮ್ಮ?"

"ನಿಮಗಲ್ಲ ಅಂಕಲ್."

ಆಮೇಲೆ ಬೈದಳು. ಸುಳ್ಳ ಎಂದಳು, ಹೊಟ್ಟೆಬಾಕ ಎಂದಳು. ನನಗೂ ಒಂದು ತಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದಳು. ಬೈಗುಳ ಕೇಳದೆಯೇ ಹೊರಟುಹೋಗುವುದಾ ಎಂದಾಗ ಕನ್ನಡಕದ ಗಾಜು ಒದ್ದೆಯಾಯಿತು. ಅನಂತಪದ್ಮನಾಭ ವಿಶ್ರುತನ ಪರವಾಗಿ ತಲೆ ತಗ್ಗಿಸಿ, ನಡುವೆ ಒಂದೆರಡು ಸಲ "ತಪ್ಪು, ತಪ್ಪು" ಎನ್ನುತ್ತಾ ಅಷ್ಟನ್ನೂ ಬೈಸಿಕೊಂಡರು.

ಮುಗಿದ ಮೇಲೆ ಅವಳು ಚೀಲದಿಂದ ಕ್ಯಾಮರಾ ತೆಗೆದು, ಪಟ್ಟಿ ಸುತ್ತಿ ಅವರ ಕೈಗೆ ಕೊಟ್ಟಳು.

"ಇನ್ನೊಂದು ರೀಲು ಹಾಕ್ಕೊಡ್ಲೇನಮ್ಮ? ಇಟ್ಕೊಂಡಿರು."

"ಬೇಡ ಅಂಕಲ್," ಎಂದು ಸುರಭಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು.