ಗೋಡೆಯಲ್ಲಿ ಅಮ್ಮ

“ಚಿತ್ರ ಈ ಕಡೆಗೇ ಇದೆಯಲ್ಲೇ! ಅಂದ್ಮೇಲೆ ನಿಮ್ಮಮ್ಮ ಮನೇಲೇ ಇದಾಳೆ. ಕರಿ ಅವಳನ್ನ,” ಎಂದು ಅಪ್ಪ ಮಗಳ ಕೈ ಜಗ್ಗಿದರು.

ಬೆಳಗಿನಿಂದ ಇದೇ ಪಾಡು. ಹಜಾರದಲ್ಲಿ ಅಮ್ಮನ ದೇಹ, ಒಳಕೋಣೆಯಲ್ಲಿ ಗೋಡೆ ನೋಡುತ್ತ ಕೂತ ಅಪ್ಪ. ಹಾಳು ಮರೆವು! ಸಾವಿನ ಸುದ್ದಿ ಹೇಳಿದಾಗಲೆಲ್ಲ ಮೊದಲ ಸಲ ಕೇಳಿದವರಂತೆ ಗೋಳೋ ಎಂದು ಅಳುವುದು, ಗೋಡೆಯ ಮೇಲೆ ಅಮ್ಮನ ನಗುಮುಖ ಕಂಡೊಡನೆ ಅಷ್ಟನ್ನೂ ಮರೆಯುವುದು.

“ಇನ್ನು ಹೇಳ್ಬೇಡ ಕಣೇ, ನಿನಗೆ ಪುಣ್ಯ ಬರುತ್ತೆ,” ಎಂದರು ದೊಡ್ಡಮ್ಮ. “ಆ ಚಿತ್ರ ತಿರುಗಿಸಿ ಹಾಕು. ಹೊರಗೆ ಹೋಗಿದಾಳೆ ಅಂದ್ಕೊಂಡು ತೆಪ್ಪಗಿರ್ತಾರೆ.”

ಮಗಳು ಚಿತ್ರವನ್ನು ಗೋಡೆಗೆ ಮುಖ ಮಾಡಿ ಹಾಕಿದಳು.

“ಓ, ಹೊರಗೆ ಹೋದ್ಲಾ? ಬರ್ತಾಳೆ ಬಿಡು.” ಅಪ್ಪ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕಾಯುತ್ತ ಕೂತರು.

ಮಗಳು ಅಪ್ಪನನ್ನೇ ನೋಡಿದಳು. ಇಷ್ಟು ಕಾಲ ಸಂಸಾರ ಮಾಡಿದವರಿಗೆ ಕೊನೆಯ ಮುಖವನ್ನೂ ತೋರಿಸದೆ ಅಮ್ಮನನ್ನು ಕಳಿಸಿಬಿಡುವುದೇ?

*

ಅಮ್ಮ ಟೀಚರಾಗಿದ್ದಾಗ ಅವಳ ತರಗತಿಯಲ್ಲಿ ಎರಡು ಭಾಷೆಯ ಮಕ್ಕಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದು. ಹಾಗಾಗಿ ಪಾಠವೆಲ್ಲ ಚಿತ್ರದಲ್ಲೇ: ಒಂದು ಕೊಡೆ, ಅದರ ಕೆಳಗೆ ಎರಡು ಬಣ್ಣದಲ್ಲಿ ಎರಡು ಹೆಸರು. ಗೋಡೆಯ ತುಂಬ ಮಕ್ಕಳದೇ ಮುಖದ ಚಿತ್ರಗಳು. ಬಂದ ಮಗು ತನ್ನ ಚಿತ್ರವನ್ನು ಈಚೆ ತಿರುಗಿಸಬೇಕು, ಮನೆಗೆ ಹೊರಟಾಗ ಆಚೆ.

ಶಾಲೆ ಬಿಟ್ಟೇ ಹೋಗುವ ಮಗುವಿಗೆ ಅಮ್ಮ ಚಿತ್ರವನ್ನು ಇಳಿಸಿ ಕೈಗೇ ಕೊಡುತ್ತಿದ್ದಳು. ಮೊಳೆ ಮಾತ್ರ ಹಾಗೇ. ಅದನ್ನು ಹೊಡೆದಿದ್ದ ಅಪ್ಪ ಕೀಳಲು ಹೋದರೆ, “ಇರಲಿ ಬಿಡಿ, ಅದು ಅವನ ಜಾಗ,” ಎನ್ನುತ್ತಿದ್ದಳು.

ಅಪ್ಪನಿಗೆ ಮರೆವು ಹತ್ತಿದ ಮೇಲೆ ಅದೇ ಪಾಠ ಮನೆಗೂ ಬಂತು. ಅಂಗಡಿಗೆ ಹೊರಟರೂ ಅಮ್ಮ ತನ್ನ ಚಿತ್ರ ತಿರುಗಿಸಿಯೇ ಹೋಗುವಳು.

*

ಅಮ್ಮನನ್ನು ಸ್ಮಶಾನಕ್ಕೆ ಹೊರಡಿಸುವ ಹೊತ್ತಾಯಿತು. ಮಗಳು ಚಿತ್ರವನ್ನು ಮೊಳೆಯಿಂದ ಇಳಿಸಿದಳು.

“ಅಯ್ಯೋ, ಏನ್ ಮಾಡ್ತಿದೀಯೇ?” ದೊಡ್ಡಮ್ಮ ಗಾಬರಿಯಾದರು.

“ಅಪ್ಪಾ, ಇದನ್ನ ಅಮ್ಮನ ಕೈಗೆ ಕೊಡ್ಬೇಕು. ಬಾ.”

ಅಪ್ಪ ಚಿತ್ರ ನೋಡಿದರು, ಬರಿ ಮೊಳೆ ನೋಡಿದರು. “ಬಿಟ್ಟೇ ಹೋಗ್ತಾಳಾ?”

“ಹೂಂ, ಅಪ್ಪಾ.”

ಅವರು ಗೋಳಾಡಲಿಲ್ಲ. ಹಜಾರಕ್ಕೆ ನಡೆದು, ಹೆಂಡತಿಯ ತಣ್ಣನೆಯ ಬೆರಳುಗಳ ಅಡಿಗೆ ಚಿತ್ರವನ್ನು ಸೇರಿಸಿ, ಬಹಳ ಹೊತ್ತು ಆ ಮುಖ ನೋಡಿದರು.

ಸಂಜೆ ಎಲ್ಲರೂ ಹಿಂತಿರುಗಿದಾಗ ದೊಡ್ಡಮ್ಮ ಕೈಚೀಲವನ್ನು ಖಾಲಿ ಕಂಡ ಆ ಮೊಳೆಗೆ ನೇತುಹಾಕಲು ಹೋದರು.

“ಅಲ್ಲಿ ಹಾಕ್ಬೇಡಿ,” ಎಂದರು ಅಪ್ಪ. “ಅದು ಅವಳ ಜಾಗ.”

ಆಮೇಲೆ ಬಾಗಿಲ ಕಡೆಗಿದ್ದ ಕುರ್ಚಿಯನ್ನು ಎಳೆದು, ಮೊಳೆಯ ಎದುರಿಗೆ ಹಾಕಿಕೊಂಡು ಕೂತರು.